ನಿಯಂತ್ರಿತ ಪಾಲಿಮರೀಕರಣ ಮತ್ತು ರಚನಾ ವಿಶ್ಲೇಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಲಿಮರ್ ಲ್ಯಾಬಿಗೆ ಹೊಸದಾಗಿ ಕಾಲಿಟ್ಟವರು, ಬೇರೆ ವಿಭಾಗದಲ್ಲಿದ್ದು ಕೆಲಸಕ್ಕೆ ಒಂದು ಪಾಲಿಮರ್ ಬೇಕಾಗಿ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಕಾಲೇಜು ಮಟ್ಟದ ಸಾವಯವ ರಸಾಯನಶಾಸ್ತ್ರ ಗೊತ್ತಿದ್ದರೆ ಸಾಕು. ತಯಾರಿಕೆಯ ಪ್ರಶ್ನೆಗಳು ಒಂದು ಕಡೆ, ವಿಶ್ಲೇಷಣೆಯ ಪ್ರಶ್ನೆಗಳು ಇನ್ನೊಂದು ಕಡೆ ಅಂತ ಬೇಲಿ ಹಾಕಿಲ್ಲ. ಫ್ಲಾಸ್ಕಿನಲ್ಲಿ ನಡೆದದ್ದೇನು ಅನ್ನುವುದು ಅಳತೆಯಿಂದ ಖಾತ್ರಿಯಾಗುವ ತನಕ "ನಿಯಂತ್ರಿತ" ಅನ್ನುವುದು ಬರೀ ಆಸೆ.

ನಿಯಂತ್ರಿತ ಅಂದರೆ ನಿಖರವಾಗಿ ಏನನ್ನು ನಿಯಂತ್ರಿಸುವುದು?

ಸರಪಳಿ ಎಷ್ಟು ಉದ್ದ ಇರಬೇಕು ಅನ್ನುವುದು ಮೊದಲನೆಯದು. ಎಲ್ಲ ಸರಪಳಿಗಳೂ ಹೆಚ್ಚುಕಡಿಮೆ ಅಷ್ಟೇ ಉದ್ದ ಇರಬೇಕು ಅನ್ನುವುದು ಅದರ ಬೆನ್ನಿಗೇ ಬರುತ್ತದೆ. ಆಮೇಲೆ ತುದಿಗಳಲ್ಲಿ ಯಾವ ಗುಂಪು ಕೂತಿದೆ, ಎರಡು ಬಗೆಯ ಮಾನೋಮರ್ ಇದ್ದರೆ ಅವು ಯಾವ ಕ್ರಮದಲ್ಲಿ ಸೇರಿವೆ, ಪಕ್ಕದ ಗುಂಪುಗಳು ಬೆನ್ನೆಲುಬಿನ ಯಾವ ಮಗ್ಗುಲಿಗೆ ತಿರುಗಿವೆ, ಸರಪಳಿ ನೇರವೋ ಕವಲೊಡೆದಿದೆಯೋ ಅನ್ನುವುದೆಲ್ಲ ಇದೆ.

ಇಷ್ಟನ್ನೂ ಒಂದೇ ಏಟಿಗೆ ಕೊಡುವ ವಿಧಾನ ಇಲ್ಲ. ರಾಫ್ಟ್ ವಿಧಾನ (ರಾಡಿಕಲ್ ಕ್ರಿಯೆಯನ್ನು ಪಳಗಿಸುವ ಒಂದು ಬಗೆ, ವಿವರ ಮುಂದಿದೆ) ಉದ್ದವನ್ನು ಚೆನ್ನಾಗಿ ಹಿಡಿತದಲ್ಲಿಡುತ್ತದೆ, ಆದರೆ ಪಕ್ಕದ ಗುಂಪು ಯಾವ ಕಡೆ ತಿರುಗಬೇಕು ಅನ್ನುವ ವಿಷಯಕ್ಕೆ ಬಂದರೆ ಅದೂ ಸಾಧಾರಣ ರಾಡಿಕಲ್ ಕ್ರಿಯೆಯೂ ಒಂದೇ. ಸೀಗ್ಲರ್–ನಟ್ಟಾ ಕ್ರಿಯಾವರ್ಧಕ ಆ ದಿಕ್ಕನ್ನು ಕಟ್ಟುನಿಟ್ಟಾಗಿ ಕಾಯುತ್ತದೆ, ಉದ್ದದ ವಿಷಯದಲ್ಲಿ ಮಾತ್ರ ಬಲು ಧಾರಾಳಿ. ಯಾರಾದರೂ ತಮ್ಮ ಪಾಲಿಮರ್ "ನಿಯಂತ್ರಿತ" ಅಂದರೆ ಯಾವ ವಿಷಯದಲ್ಲಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಪಾಲಿಮರ್ ಅನ್ನುವುದು ನಿಜಕ್ಕೂ ಒಂದೇ ಉದ್ದನೆಯ ಅಣು ಅಂತ ಗೊತ್ತಾದದ್ದು ಹೇಗೆ?

ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಹಾಗೆಂದು ವಾದಿಸಿದಾಗ ಒಪ್ಪಿದವರು ಕಡಿಮೆ. ಚಿಕ್ಕ ಚಿಕ್ಕ ಅಣುಗಳೇ ಯಾವುದೋ ದುರ್ಬಲ ಸೆಳೆತದಿಂದ ಗುಂಪುಗೂಡಿ ದೊಡ್ಡದಾಗಿ ಕಾಣುತ್ತವೆ ಅನ್ನುವುದು ಆಗಿನ ನಂಬಿಕೆ. ರಬ್ಬರಿನಲ್ಲಿ ಆ ಸೆಳೆತ ದ್ವಿಬಂಧಗಳಿಂದ ಬರುತ್ತದೆ ಅಂದುಕೊಂಡಿದ್ದರು. ಸ್ಟಾಡಿಂಗರ್ ರಬ್ಬರಿಗೆ ಹೈಡ್ರೋಜನ್ ಸೇರಿಸಿ ದ್ವಿಬಂಧಗಳನ್ನೇ ಇಲ್ಲವಾಗಿಸಿದರು. ಹಳೆಯ ವಾದ ಸರಿಯಿದ್ದಿದ್ದರೆ ಗುಂಪು ಒಡೆದು ಸುಲಭವಾಗಿ ಆವಿಯಾಗುವ ಚಿಕ್ಕ ಅಣುಗಳು ಸಿಗಬೇಕಿತ್ತು. ಸಿಕ್ಕಿದ್ದು ರಬ್ಬರಿನಂತೆಯೇ ದಪ್ಪ ದ್ರಾವಣ ಕೊಡುವ ವಸ್ತು. ಅವರಿಗೆ ನೊಬೆಲ್ ಬಂದದ್ದು 1953ರಲ್ಲಿ. ರಚನೆಯ ಪ್ರಶ್ನೆಗೆ ಫ್ಲಾಸ್ಕಿನಲ್ಲೇ ಉತ್ತರ ಹುಡುಕುವ ಈ ದಾರಿ, ಒಳ್ಳೊಳ್ಳೆಯ ಯಂತ್ರಗಳು ಬಂದಮೇಲೂ ಹಳತಾಗಿಲ್ಲ.

ಸಾಧಾರಣ ರಾಡಿಕಲ್ ಪಾಲಿಮರೀಕರಣದಲ್ಲಿ ಏನು ಕೊರತೆ?

ಕೈಗಾರಿಕೆಯ ದೃಷ್ಟಿಯಿಂದ ದೊಡ್ಡ ಕೊರತೆಯೇನೂ ಇಲ್ಲ. ನೀರಿನಲ್ಲೂ ನಡೆಯುತ್ತದೆ, ನೂರಾರು ಮಾನೋಮರ್‌ಗಳಿಗೆ ಒಗ್ಗುತ್ತದೆ. ತೊಂದರೆ ಇರುವುದು ಸರಪಳಿಯ ಆಯುಸ್ಸಿನಲ್ಲಿ. ಒಂದು ರಾಡಿಕಲ್ ಹುಟ್ಟಿ, ಸಾವಿರದಷ್ಟು ಮಾನೋಮರ್ ಸೇರಿಸಿಕೊಂಡು, ಇನ್ನೊಂದು ರಾಡಿಕಲ್‌ಗೆ ಎದುರಾಗಿ ಸತ್ತುಹೋಗುವುದಕ್ಕೆ ಸುಮಾರು ಒಂದು ಸೆಕೆಂಡು. ಕ್ರಿಯೆ ನಡೆಯುವುದೋ ಗಂಟೆಗಟ್ಟಲೆ. ಅಂದರೆ ಯಾವ ಕ್ಷಣದಲ್ಲಿ ನೋಡಿದರೂ ಫ್ಲಾಸ್ಕಿನಲ್ಲಿರುವ ಸರಪಳಿಗಳಲ್ಲಿ ಬಹುಪಾಲು ಆಗಲೇ ಸತ್ತವು, ಬೆಳೆಯುತ್ತಿರುವವು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅರ್ಧದಲ್ಲಿ ಎರಡನೇ ಮಾನೋಮರ್ ಸುರಿದರೆ ಮೊದಲಿನ ಸರಪಳಿಗಳಿಗೆ ಅದು ಸೇರುವುದಿಲ್ಲ, ಹೊಸದಾಗಿ ಹುಟ್ಟಿದವಕ್ಕೆ ಸೇರುತ್ತದೆ. ಒಂದು ಮಾನೋಮರ್‌ನ ಉದ್ದ ತುಂಡಿಗೆ ಇನ್ನೊಂದರ ತುಂಡನ್ನು ಜೋಡಿಸಿದ ಸರಪಳಿ, ಅಂದರೆ ಬ್ಲಾಕ್ ಕೋಪಾಲಿಮರ್, ಕಟ್ಟುವ ಮಾತು ಅಲ್ಲಿಗೇ ಮುಗಿಯಿತು.

"ಜೀವಂತ" ಪಾಲಿಮರ್ ಎಂದರೇನು?

ಮೈಕೆಲ್ ಶ್ವಾರ್ಟ್ಸ್ 1956ರಲ್ಲಿ ಕೊಟ್ಟ ಹೆಸರು ಅದು. ಟೆಟ್ರಾಹೈಡ್ರೋಫ್ಯೂರಾನ್ ದ್ರಾವಕದಲ್ಲಿ ಸೋಡಿಯಂ ನ್ಯಾಫ್ತಲೀನ್ ಹಾಕಿದರೆ ದ್ರಾವಣ ಕಡುಹಸಿರು. ಸ್ಟೈರೀನ್ ಬೀಳುತ್ತಿದ್ದಂತೆ ಹಸಿರು ಹೋಗಿ ಚೆರ್ರಿ ಕೆಂಪು ಬರುತ್ತದೆ. ಅದು ಸರಪಳಿಯ ತುದಿಯಲ್ಲಿರುವ ಸ್ಟೈರಿಲ್ ಋಣ ಅಯಾನಿನ ಬಣ್ಣ. ಸ್ಟೈರೀನ್ ಪೂರ್ತಿ ಖರ್ಚಾದ ಮೇಲೂ ಕೆಂಪು ಹಾಗೇ ಉಳಿಯುತ್ತದೆ. ಇನ್ನಷ್ಟು ಸ್ಟೈರೀನ್ ಹಾಕಿದರೆ ಅದೇ ಸರಪಳಿಗಳು ಮತ್ತೆ ಬೆಳೆದು ದ್ರಾವಣ ಗಟ್ಟಿಯಾಗುತ್ತದೆ. ಬೇರೆ ಮಾನೋಮರ್ ಹಾಕಿದರೆ ಬ್ಲಾಕ್ ಕೋಪಾಲಿಮರ್. ಒಂದು ಹನಿ ಮೆಥನಾಲ್ ಬಿಟ್ಟರೆ ಕಣ್ಣೆದುರಿಗೇ ಕೆಂಪು ಮಾಯ. ಪಾಲಿಮರ್ ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಚೆಂದದ ಪ್ರಾತ್ಯಕ್ಷಿಕೆ ನನಗೆ ಗೊತ್ತಿಲ್ಲ.

ಶರತ್ತು ಎರಡೇ: ಬೆಳೆಯುತ್ತಿರುವ ತುದಿ ತಾನಾಗಿ ಸಾಯಬಾರದು, ತನ್ನ ಚಟುವಟಿಕೆಯನ್ನು ಬೇರೆ ಅಣುವಿಗೆ ದಾಟಿಸಿಬಿಡಬಾರದು. ಇದರ ಜೊತೆಗೆ ಎಲ್ಲ ಸರಪಳಿಗಳೂ ಒಂದೇ ಗೆರೆಯಿಂದ ಓಟ ಶುರುಮಾಡಿದಂತೆ ಒಟ್ಟಿಗೆ ಆರಂಭವಾದರೆ ಉದ್ದಗಳಲ್ಲಿ ವ್ಯತ್ಯಾಸ ತೀರಾ ಕಡಿಮೆ ಇರುತ್ತದೆ. ಆರಂಭ ನಿಧಾನವಾದರೆ ಪಾಲಿಮರ್ ಜೀವಂತವಾಗಿಯೇ ಇರುತ್ತದೆ, ಹಂಚಿಕೆ ಮಾತ್ರ ಅಗಲವಾಗುತ್ತದೆ. ಜೀವಂತಿಕೆ ಬೇರೆ, ಕಿರಿದಾದ ಹಂಚಿಕೆ ಬೇರೆ. ಈ ಎರಡನ್ನು ಒಂದೇ ಅಂತ ಹಿಡಿದವರು ಮುಂದೆ ಎಲ್ಲಾದರೂ ಎಡವುತ್ತಾರೆ.

ಅಷ್ಟು ಚೆನ್ನಾಗಿದ್ದರೆ ಎಲ್ಲದಕ್ಕೂ ಅಯಾನಿಕ್ ವಿಧಾನವನ್ನೇ ಏಕೆ ಬಳಸುವುದಿಲ್ಲ?

ನೀರು, ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಇವುಗಳಲ್ಲಿ ಯಾವುದು ಸೋಕಿದರೂ ತುದಿ ಸತ್ತಂತೆಯೇ. ಗಾಜಿನ ಗೋಡೆಗೆ ಅಂಟಿದ ತೇವವೂ ಸಾಕು. ಮಾನೋಮರ್‌ನಲ್ಲಿ ಹೈಡ್ರಾಕ್ಸಿಲ್, ಆಮ್ಲ, ಅಮೈಡ್ ಗುಂಪುಗಳಿದ್ದರೆ ಮುಚ್ಚಿಟ್ಟು ಆಮೇಲೆ ತೆರೆಯಬೇಕು. ಮೀಥೈಲ್ ಮೆಥಾಕ್ರಿಲೇಟಿನಲ್ಲಿ ಋಣ ಅಯಾನು ಎಸ್ಟರ್ ಗುಂಪಿನ ಮೇಲೇ ಎರಗುವುದರಿಂದ ಕ್ರಿಯೆಯನ್ನು ಮೈನಸ್ 78 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಸುವುದು ರೂಢಿ. ಸ್ಟೈರೀನ್, ಬ್ಯೂಟಾಡೈಈನ್, ಐಸೊಪ್ರೀನ್ ಇವಕ್ಕೆ ಮಾತ್ರ ಈಗಲೂ ಇದನ್ನು ಮೀರಿಸುವ ವಿಧಾನ ಇಲ್ಲ.

ರಾಡಿಕಲ್‌ಗಳನ್ನು ಪಳಗಿಸಿದ್ದು ಹೇಗೆ?

ರಾಡಿಕಲ್‌ಗಳು ಒಂದಕ್ಕೊಂದು ಎದುರಾದರೆ ಸಾವು ಖಚಿತ, ಅದನ್ನು ತಡೆಯಲಾಗದು. ಆದ್ದರಿಂದ ಎದುರಾಗುವ ಸಂದರ್ಭವನ್ನೇ ಕಡಿಮೆ ಮಾಡಿದರು. ಸರಪಳಿ ಹೆಚ್ಚಿನ ಹೊತ್ತು ತುದಿಗೆ ಮುಚ್ಚಳ ಹಾಕಿಕೊಂಡು ಮಲಗಿರುತ್ತದೆ. ಆಗಾಗ ಅರೆಕ್ಷಣ ಎಚ್ಚರಗೊಂಡು, ಒಂದೆರಡು ಮಾನೋಮರ್ ಸೇರಿಸಿಕೊಂಡು, ಮತ್ತೆ ಮಲಗುತ್ತದೆ. ಒಂದು ಸೆಕೆಂಡಿನ ಆಯುಸ್ಸು ಹೀಗೆ ಗಂಟೆಗಳ ಮೇಲೆ ಹರಡಿಕೊಳ್ಳುತ್ತದೆ.

ಮುಚ್ಚಳ ಯಾವುದು ಅನ್ನುವುದರ ಮೇಲೆ ಮೂರು ಮುಖ್ಯ ದಾರಿಗಳು. ಟೆಂಪೊ ಎಂಬ ನೈಟ್ರಾಕ್ಸೈಡ್ ಬಳಸಿ 1993ರಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧಕರು ಸ್ಟೈರೀನನ್ನು ಪಳಗಿಸಿ ತೋರಿಸಿದರು. 120 ಡಿಗ್ರಿಗೂ ಮೇಲೆ ಕಾಯಿಸಬೇಕು. 1995ರಲ್ಲಿ ಪರಮಾಣು ವರ್ಗಾವಣೆಯ ರಾಡಿಕಲ್ ಪಾಲಿಮರೀಕರಣ, ಅಂದರೆ ಎಟಿಆರ್‌ಪಿ ಬಂತು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಮಾತ್ಯಾಶೆವ್ಸ್ಕಿ ಮತ್ತು ವಾಂಗ್ ತಾಮ್ರ ಬಳಸಿ, ಕ್ಯೋಟೊದಲ್ಲಿ ಸವಾಮೊಟೊ ಅವರ ತಂಡ ರುಥೇನಿಯಂ ಬಳಸಿ, ಒಬ್ಬರನ್ನೊಬ್ಬರು ನೆಚ್ಚದೆ ಅದೇ ತತ್ತ್ವಕ್ಕೆ ಬಂದರು. ಇಲ್ಲಿ ಮುಚ್ಚಳ ಬ್ರೋಮಿನ್ ಅಥವಾ ಕ್ಲೋರಿನ್. ಲೋಹ ಅದನ್ನು ಕಿತ್ತುಕೊಂಡು ಮತ್ತೆ ಹಿಂತಿರುಗಿಸುತ್ತದೆ. 1998ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ರಿಜಾರ್ಡೊ, ಮೋಡ್, ಥಾಂಗ್ ಅವರು ರಾಫ್ಟ್ ವಿಧಾನವನ್ನು ಪ್ರಕಟಿಸಿದರು. ಅದರಲ್ಲಿ ಗಂಧಕವುಳ್ಳ ಒಂದು ಗುಂಪು ಸರಪಳಿಯಿಂದ ಸರಪಳಿಗೆ ಕೈ ಬದಲಾಗುತ್ತ ಎಲ್ಲಕ್ಕೂ ಸರದಿಯ ಮೇಲೆ ಬೆಳೆಯುವ ಅವಕಾಶ ಕೊಡುತ್ತದೆ.

ಸಾವು ಇವುಗಳಲ್ಲಿ ಕಡಿಮೆ ಆಗಿದೆ, ಇಲ್ಲವಾಗಿಲ್ಲ. ಅದಕ್ಕೇ ಇವನ್ನು "ಜೀವಂತ" ಅನ್ನುವುದಕ್ಕೆ ಹಲವರು ಒಪ್ಪುವುದಿಲ್ಲ.

ಎಟಿಆರ್‌ಪಿ ಆರಿಸಬೇಕೋ, ರಾಫ್ಟ್ ಆರಿಸಬೇಕೋ?

ಮಾನೋಮರ್ ನೋಡಿ. ಆಮ್ಲ ಗುಂಪುಗಳುಳ್ಳ ಮಾನೋಮರ್ ಆದರೆ ರಾಫ್ಟ್ ಕಡಿಮೆ ತಕರಾರಿನದು, ಆಮ್ಲ ತಾಮ್ರದ ಸಂಯುಕ್ತವನ್ನು ಕೆಡಿಸುತ್ತದೆ. ವಿನೈಲ್ ಅಸಿಟೇಟಿಗೂ ರಾಫ್ಟೇ ಸರಿ, ಅದರಲ್ಲೂ ಜ್ಯಾಂಥೇಟ್ ಬಗೆಯ ಏಜೆಂಟ್ (ಗಂಧಕದ ಆ ಗುಂಪನ್ನು ಒದಗಿಸುವ ಸಂಯುಕ್ತ) ಬೇಕು. ಸ್ಟೈರೀನಿಗೆ ಚೆನ್ನಾಗಿ ನಡೆಯುವ ಡೈಥಯೊಬೆಂಜೊಯೇಟ್ ಅಲ್ಲಿ ಕ್ರಿಯೆಯನ್ನೇ ನಿಲ್ಲಿಸಿಬಿಡಬಹುದು. ಸಿಲಿಕಾ ಅಥವಾ ಚಿನ್ನದ ಮೇಲ್ಮೈಯಿಂದ ಸರಪಳಿ ಬೆಳೆಸಬೇಕೆಂದರೆ ಎಟಿಆರ್‌ಪಿಯ ಕಡೆಗೆ ಒಲವು ಸಹಜ, ಬ್ರೋಮಿನ್ ಇರುವ ಆರಂಭಕವನ್ನು ಮೇಲ್ಮೈಗೆ ಕೂರಿಸುವುದು ಸುಲಭ.

ಎರಡಕ್ಕೂ ಶುದ್ಧೀಕರಣದ ತಲೆನೋವು ಇದೆ. ಎಟಿಆರ್‌ಪಿ ಮುಗಿದಾಗ ದ್ರಾವಣ ಹಸಿರು ಅಥವಾ ನೀಲಿ. ಅಲ್ಯೂಮಿನಾ ಕಾಲಮಿನ ಮೂಲಕ ಹಾಯಿಸಿದರೆ ಮೇಲ್ಭಾಗದಲ್ಲಿ ತಾಮ್ರದ ಪಟ್ಟಿ ನಿಂತು ಕೆಳಗೆ ತಿಳಿ ದ್ರಾವಣ ಇಳಿಯುತ್ತದೆ. ಆಸ್ಕಾರ್ಬಿಕ್ ಆಮ್ಲದಂಥ ಅಪಕರ್ಷಕ ಸೇರಿಸಿ ತಾಮ್ರವನ್ನು ಹತ್ತು ಲಕ್ಷಕ್ಕೆ ಇಂತಿಷ್ಟು ಭಾಗ ಅನ್ನುವ ಮಟ್ಟಕ್ಕೆ ಇಳಿಸಿದ ವಿಧಾನಗಳೂ ಈಗ ಇವೆ. ರಾಫ್ಟ್ ಪಾಲಿಮರ್‌ಗೆ ಬಣ್ಣ ಇದ್ದೇ ಇರುತ್ತದೆ: ಡೈಥಯೊಬೆಂಜೊಯೇಟ್ ಆದರೆ ಗುಲಾಬಿ, ಟ್ರೈಥಯೊಕಾರ್ಬೊನೇಟ್ ಆದರೆ ಹಳದಿ. ಅಣುತೂಕ ಹೆಚ್ಚಿದಷ್ಟೂ ತಿಳಿಯಾಗುತ್ತ ಹೋಗುತ್ತದೆ. ಏಜೆಂಟ್ ತಯಾರಿಸುವ ದಿನ ಫ್ಯೂಮ್ ಹುಡ್ ಬಿಟ್ಟು ಕದಲಬೇಡಿ, ಗಂಧಕದ ಆ ವಾಸನೆಗೆ ಇಡೀ ಕಟ್ಟಡ ಮೂಗು ಮುಚ್ಚಿಕೊಳ್ಳುತ್ತದೆ.

ಅಣುತೂಕವನ್ನು ಮೊದಲೇ ಲೆಕ್ಕ ಹಾಕುವುದು ಹೇಗೆ?

ಮಾನೋಮರ್ ಮತ್ತು ಆರಂಭಕದ ಮೋಲ್ ಅನುಪಾತವನ್ನು ಪರಿವರ್ತನೆಯಿಂದ (ಹಾಕಿದ ಮಾನೋಮರ್‌ನಲ್ಲಿ ಎಷ್ಟು ಪಾಲು ಪಾಲಿಮರ್ ಆಯಿತು ಅನ್ನುವುದು) ಗುಣಿಸಿ, ಮಾನೋಮರ್‌ನ ಅಣುತೂಕದಿಂದ ಗುಣಿಸಿ, ಆರಂಭಕದ ಅಣುತೂಕ ಕೂಡಿಸಿ. 100 ಮಿಲಿಮೋಲ್ ಸ್ಟೈರೀನ್, 0.5 ಮಿಲಿಮೋಲ್ ಈಥೈಲ್ ಬ್ರೋಮೊಐಸೊಬ್ಯೂಟಿರೇಟ್ ತೆಗೆದುಕೊಂಡರೆ ಅನುಪಾತ 200. ಶೇ 60 ಪರಿವರ್ತನೆಯಲ್ಲಿ ನಿಲ್ಲಿಸಿದರೆ ಒಂದು ಸರಪಳಿಗೆ ಸರಾಸರಿ 120 ಘಟಕ. 120ನ್ನು 104.15ರಿಂದ ಗುಣಿಸಿದರೆ 12,498. ಆರಂಭಕದ 195 ಸೇರಿ ಸುಮಾರು 12,700.

ಪರಿವರ್ತನೆಯನ್ನು ಅಂದಾಜಿನಿಂದ ಬರೆಯಬೇಡಿ. ಕ್ರಿಯೆಯ ನಡುವೆ ಒಂದೆರಡು ಹನಿ ತೆಗೆದು ಪ್ರೋಟಾನ್ ಎನ್‌ಎಂಆರ್ ಮಾಡಿದರೆ ಸ್ಟೈರೀನಿನ ದ್ವಿಬಂಧದ ಶೃಂಗಗಳು 5.2 ಮತ್ತು 5.7 ಪಿಪಿಎಂ ಹತ್ತಿರ ಸ್ಪಷ್ಟವಾಗಿ ಕಾಣುತ್ತವೆ. ಅನಿಸೋಲ್ ದ್ರಾವಕವಾಗಿದ್ದರೆ ಅನುಕೂಲ ಎರಡು ಪಟ್ಟು: ಅದರ ಮೆಥಾಕ್ಸಿ ಶೃಂಗ 3.8ರ ಸುತ್ತ ಕೂತಿರುತ್ತದೆ, ಕ್ರಿಯೆಯಲ್ಲಿ ಬದಲಾಗುವುದಿಲ್ಲ, ಅಳತೆಗೋಲಾಗಿ ಅದನ್ನೇ ಇಟ್ಟುಕೊಳ್ಳಬಹುದು. ಒಣಗಿದ ಪಾಲಿಮರ್ ತೂಗಿ ಪರಿವರ್ತನೆ ಲೆಕ್ಕ ಹಾಕುವುದೂ ಉಂಟು. ಸೋಸುವಾಗ ಕಳೆದುಹೋದದ್ದು, ಒಳಗೆ ಉಳಿದ ದ್ರಾವಕ ಎರಡೂ ಆ ಲೆಕ್ಕವನ್ನು ಹಾಳು ಮಾಡುತ್ತವೆ.

ಡಿಸ್ಪರ್ಸಿಟಿ 1.1 ಬಂದಿದೆ. ನಿಯಂತ್ರಣ ಸಾಧಿಸಿದಂತೆ ತಾನೇ?

ಅಷ್ಟಕ್ಕೇ ಹಾಗನ್ನಲಾಗದು. ತೂಕ ಸರಾಸರಿ ಅಣುತೂಕವನ್ನು (ಭಾರದ ಸರಪಳಿಗಳಿಗೆ ಹೆಚ್ಚು ಬೆಲೆ ಕೊಡುವ ಸರಾಸರಿ) ಸಂಖ್ಯಾ ಸರಾಸರಿಯಿಂದ (ಎಲ್ಲ ಸರಪಳಿಗಳನ್ನೂ ಸಮವಾಗಿ ಎಣಿಸುವ ಸರಾಸರಿ) ಭಾಗಿಸಿದರೆ ಬರುವುದು ಡಿಸ್ಪರ್ಸಿಟಿ. ಮೊದಲು ಇದನ್ನು ಪಾಲಿಡಿಸ್ಪರ್ಸಿಟಿ ಇಂಡೆಕ್ಸ್ ಅನ್ನುತ್ತಿದ್ದರು, ಐಯುಪಿಎಸಿ 2009ರಲ್ಲಿ ಹೆಸರು ಬದಲಿಸಿತು. 1.1 ಅಂದರೆ ಸರಪಳಿಗಳೆಲ್ಲ ಒಂದೇ ಉದ್ದ ಅನ್ನುವ ಭಾವನೆ ಬರುತ್ತದೆ. ಲೆಕ್ಕ ಬೇರೆ ಹೇಳುತ್ತದೆ: ಡಿಸ್ಪರ್ಸಿಟಿಯಿಂದ ಒಂದನ್ನು ಕಳೆದು ವರ್ಗಮೂಲ ತೆಗೆದು ಸಂಖ್ಯಾ ಸರಾಸರಿಯಿಂದ ಗುಣಿಸಿದರೆ ಅದೇ ಪ್ರಮಾಣಿತ ವಿಚಲನೆ. ಸರಾಸರಿ 10,000 ಇದ್ದು ಡಿಸ್ಪರ್ಸಿಟಿ 1.1 ಇದ್ದರೆ ವಿಚಲನೆ ಸುಮಾರು 3,160. ಅಂದರೆ ಆ ಮಾದರಿಯಲ್ಲಿ 7,000ದ ಸರಪಳಿಗಳೂ ಧಾರಾಳವಾಗಿವೆ, 13,000ದವೂ ಇವೆ. 1.04ಕ್ಕೆ ಇಳಿಸಿದರೂ ವಿಚಲನೆ 2,000 ಇರುತ್ತದೆ.

ಇನ್ನೂ ದೊಡ್ಡ ತಕರಾರು: ಕಿರಿದಾದ ಹಂಚಿಕೆ ಇರುವ ಪಾಲಿಮರ್‌ನ ತುದಿಗಳು ಸತ್ತಿರಬಹುದು. ಎಟಿಆರ್‌ಪಿಯನ್ನು ಮಾನೋಮರ್ ಪೂರ್ತಿ ಮುಗಿಯುವ ತನಕ ಎಳೆದರೆ ಆಗುವುದು ಇದೇ. ಮಾನೋಮರ್ ಖಾಲಿಯಾಗುತ್ತ ಬಂದಂತೆ ಬೆಳವಣಿಗೆ ನಿಧಾನವಾಗುತ್ತದೆ, ತುದಿಗಳು ಸಾಯುವುದು ಮಾತ್ರ ನಿಲ್ಲುವುದಿಲ್ಲ. ಜಿಪಿಸಿಯಲ್ಲಿ (ಸರಪಳಿಗಳನ್ನು ಗಾತ್ರದ ಮೇಲೆ ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿ) ಶೃಂಗ ಚೂಪಾಗಿ, ನೋಡುವುದಕ್ಕೆ ಲಕ್ಷಣವಾಗಿಯೇ ಇರುತ್ತದೆ. ಎರಡನೇ ಬ್ಲಾಕ್ ಹಾಕಲು ಹೋದಾಗ ಗುಟ್ಟು ರಟ್ಟಾಗುತ್ತದೆ.

ಎರಡು ನಕ್ಷೆ ಕೇಳುವುದು ರೂಢಿ. ಆರಂಭದ ಮಾನೋಮರ್ ಸಾಂದ್ರತೆಗೂ ಆಯಾ ಹೊತ್ತಿನ ಸಾಂದ್ರತೆಗೂ ಇರುವ ಅನುಪಾತದ ಲಾಗರಿದಮನ್ನು ಸಮಯದ ಎದುರು ಹಾಕಿದಾಗ ನೇರ ಗೆರೆ ಬಂದರೆ ಬೆಳೆಯುವ ತುದಿಗಳ ಸಂಖ್ಯೆ ಬದಲಾಗಿಲ್ಲ ಎಂದರ್ಥ. ಅಣುತೂಕವನ್ನು ಪರಿವರ್ತನೆಯ ಎದುರು ಹಾಕಿದಾಗ ನೇರ ಗೆರೆ ಬಂದರೆ ಒಟ್ಟು ಸರಪಳಿಗಳ ಸಂಖ್ಯೆ ಬದಲಾಗಿಲ್ಲ ಎಂದರ್ಥ. ಇಲ್ಲಿ ಒಂದು ಸೂಕ್ಷ್ಮ ಇದೆ. ಚಟುವಟಿಕೆ ಬೇರೆ ಅಣುವಿಗೆ ದಾಟಿಹೋದರೆ ತುದಿಗಳ ಸಂಖ್ಯೆ ಹಾಗೇ ಉಳಿಯುತ್ತದೆ, ಮೊದಲ ನಕ್ಷೆಗೆ ಅದು ಕಾಣುವುದೇ ಇಲ್ಲ. ತುದಿಗಳು ಒಂಟಿಯಾಗಿ ಸತ್ತರೆ ಒಟ್ಟು ಸರಪಳಿಗಳ ಸಂಖ್ಯೆ ಬದಲಾಗುವುದಿಲ್ಲ, ಎರಡನೇ ನಕ್ಷೆಗೆ ಅದು ಕಾಣದು. ಒಂದಕ್ಕೆ ಕುರುಡಾದದ್ದನ್ನು ಇನ್ನೊಂದು ನೋಡುತ್ತದೆ, ಅದಕ್ಕೇ ಎರಡೂ ಬೇಕು. ಒಂದೇ ನಕ್ಷೆ ತೋರಿಸಿ "ನಿಯಂತ್ರಿತ" ಅಂದ ಪ್ರಬಂಧಗಳು ಇಂದಿಗೂ ಅಚ್ಚಾಗುತ್ತಿರುವುದು ಬೇಸರದ ಸಂಗತಿ.

ಮೂರನೆಯ ಪರೀಕ್ಷೆ ಸರಪಳಿಯನ್ನು ಮುಂದುವರಿಸಿ ನೋಡುವುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಪ್ರಾಮಾಣಿಕ. ಶುದ್ಧ ಮಾಡಿದ ಪಾಲಿಮರ್‌ಗೆ ಹೊಸ ಮಾನೋಮರ್ ಕೊಟ್ಟಾಗ ಜಿಪಿಸಿಯ ಇಡೀ ಶೃಂಗ ಹೆಚ್ಚಿನ ಅಣುತೂಕದ ಕಡೆಗೆ ಸರಿಯಬೇಕು. ಹಳೆಯ ಜಾಗದಲ್ಲಿ ಬಾಲ ಉಳಿದರೆ ಅವು ಸತ್ತ ಸರಪಳಿಗಳು. ಎರಡು ಪಟ್ಟು ಅಣುತೂಕದಲ್ಲಿ ಭುಜದಂತೆ ಉಬ್ಬು ಕಂಡರೆ ಎರಡು ಸರಪಳಿಗಳು ತುದಿಗೆ ತುದಿ ಸೇರಿಕೊಂಡಿವೆ. ಸ್ಟೈರೀನಿನಲ್ಲಿ ಇದು ಮಾಮೂಲು.

ಜಿಪಿಸಿ ಕೊಡುವ ಅಣುತೂಕ ನಿಜವಾದ ಅಣುತೂಕವೇ?

ಜಿಪಿಸಿ ತೂಕ ಅಳೆಯುವುದಿಲ್ಲ. ದ್ರಾವಣದಲ್ಲಿ ಸರಪಳಿ ಸುರುಳಿಕೊಂಡು ಎಷ್ಟು ಜಾಗ ಹಿಡಿದಿದೆ ಅನ್ನುವುದನ್ನು ಅಳೆಯುತ್ತದೆ. ಕಾಲಮಿನಲ್ಲಿ ರಂಧ್ರಗಳಿರುವ ಮಣಿಗಳಿರುತ್ತವೆ. ದೊಡ್ಡ ಸುರುಳಿ ರಂಧ್ರದೊಳಗೆ ಹೋಗಲಾರದೆ ಬೇಗ ಹೊರಬರುತ್ತದೆ, ಚಿಕ್ಕದು ಒಳಹೊಕ್ಕು ತಡವಾಗಿ ಬರುತ್ತದೆ. ಹೊರಬಂದ ಸಮಯವನ್ನು ತೂಕಕ್ಕೆ ಬದಲಿಸುವುದು ಅಣುತೂಕ ಗೊತ್ತಿರುವ ಪಾಲಿಸ್ಟೈರೀನ್ ಮಾದರಿಗಳ ಜೊತೆ ಹೋಲಿಸಿ. ನಿಮ್ಮದೂ ಪಾಲಿಸ್ಟೈರೀನ್ ಆದರೆ ಸರಿ. ಬೇರೆಯಾದರೆ ಬಂದದ್ದು "ಪಾಲಿಸ್ಟೈರೀನ್ ಆಗಿದ್ದಿದ್ದರೆ ಎಷ್ಟಿರುತ್ತಿತ್ತು" ಅನ್ನುವ ಸಂಖ್ಯೆ. ಟೆಟ್ರಾಹೈಡ್ರೋಫ್ಯೂರಾನಿನಲ್ಲಿ ಪಾಲಿಲ್ಯಾಕ್ಟೈಡಿಗೆ ಹೀಗೆ ಬಂದ ಸಂಖ್ಯೆಯನ್ನು 0.58ರಿಂದ ಗುಣಿಸುವ ಪದ್ಧತಿಯೇ ಇದೆ. ಅಂದರೆ ಯಂತ್ರ ಹೆಚ್ಚುಕಡಿಮೆ ಮುಕ್ಕಾಲುಪಟ್ಟು ಹೆಚ್ಚಿಗೆ ಹೇಳಿರುತ್ತದೆ!

ಬೆಳಕಿನ ಚದುರುವಿಕೆ ಅಳೆಯುವ ಡಿಟೆಕ್ಟರ್ ಜೋಡಿಸಿದರೆ ಹೋಲಿಕೆಯ ಹಂಗಿಲ್ಲದೆ ತೂಕ ಸರಾಸರಿ ಸಿಗುತ್ತದೆ. ಅದಕ್ಕೆ ಆ ಪಾಲಿಮರ್ ಆ ದ್ರಾವಕದ ವಕ್ರೀಭವನಾಂಕವನ್ನು ಎಷ್ಟು ಬದಲಿಸುತ್ತದೆ ಅನ್ನುವ ಸಂಖ್ಯೆ ಸರಿಯಾಗಿ ಗೊತ್ತಿರಬೇಕು. ಸಾಫ್ಟ್‌ವೇರಿನಲ್ಲಿ ಹಿಂದಿನವರು ಬಿಟ್ಟುಹೋದ ಸಂಖ್ಯೆ ಹಾಗೇ ಕೂತಿದ್ದರೆ ಫಲಿತಾಂಶ ಕಣ್ಣಿಗೆ ಮಣ್ಣೆರಚುತ್ತದೆ.

ರಾಫ್ಟ್ ಮಾಡುವವರಿಗೆ ಒಂದು ಕಿವಿಮಾತು. 310 ನ್ಯಾನೊಮೀಟರ್ ಸುತ್ತ ನೇರಳಾತೀತ ಡಿಟೆಕ್ಟರನ್ನೂ ಓಡಿಸಿ. ಗಂಧಕದ ಗುಂಪು ಅಲ್ಲಿ ಬೆಳಕು ಹೀರುತ್ತದೆ, ಪಾಲಿಸ್ಟೈರೀನ್ ಹೀರುವುದಿಲ್ಲ. ವಕ್ರೀಭವನಾಂಕದ ಗೆರೆಯ ಮೇಲೆ ಅದನ್ನಿಟ್ಟು ನೋಡಿದರೆ ಯಾವ ಉದ್ದದ ಸರಪಳಿಗಳಲ್ಲಿ ತುದಿ ಉಳಿದಿದೆ ಅನ್ನುವುದು ತಿಳಿಯುತ್ತದೆ. ಎರಡು ಗೆರೆ ಪೂರ್ತಿ ಒಂದರ ಮೇಲೊಂದು ಕೂರಬೇಕು ಅಂತ ನಿರೀಕ್ಷಿಸಬೇಡಿ: ಒಂದು ಅಳೆಯುವುದು ದ್ರವ್ಯರಾಶಿಯನ್ನು, ಇನ್ನೊಂದು ತುದಿಗಳ ಸಂಖ್ಯೆಯನ್ನು. ಹಾಗಾಗಿ ನೇರಳಾತೀತ ಗೆರೆ ಕಡಿಮೆ ಅಣುತೂಕದ ಕಡೆಗೆ ತುಸು ವಾಲಿರುವುದೇ ಸರಿ.

ಎನ್‌ಎಂಆರ್ ಒಂದು ಅಣುತೂಕ ಹೇಳುತ್ತದೆ, ಜಿಪಿಸಿ ಇನ್ನೊಂದು. ಯಾವುದನ್ನು ನಂಬಲಿ?

ಎರಡನ್ನೂ ಅರ್ಧರ್ಧ ನಂಬಿ, ವ್ಯತ್ಯಾಸ ಏಕೆ ಬಂತು ಅಂತ ಹುಡುಕಿ. ಎನ್‌ಎಂಆರ್ ತುದಿಯ ಗುಂಪನ್ನು ಬೆನ್ನೆಲುಬಿನ ಘಟಕಗಳ ಜೊತೆ ತಾಳೆ ಹಾಕಿ ಲೆಕ್ಕ ಮಾಡುತ್ತದೆ. ಪ್ರತಿ ಸರಪಳಿಗೂ ಆ ತುದಿ ಇದೆ ಅಂತ ನಾವು ಮೊದಲೇ ಅಂದುಕೊಂಡಿರುತ್ತೇವೆ. ಅರ್ಧ ಸರಪಳಿಗಳಿಗೆ ತುದಿ ಉದುರಿಹೋಗಿದ್ದರೆ ಲೆಕ್ಕದಲ್ಲಿ ಅಣುತೂಕ ಎರಡು ಪಟ್ಟಾಗುತ್ತದೆ. ಸರಪಳಿ ಉದ್ದವಾದಂತೆ ತುದಿಯ ಶೃಂಗ ಗದ್ದಲದಲ್ಲಿ ಮುಳುಗುತ್ತದೆ. 20,000 ದಾಟಿದ ಮೇಲೆ ಈ ಲೆಕ್ಕಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಪುಡಿಯಲ್ಲಿ ಅಡಗಿ ಕೂತ ಮೆಥನಾಲ್, ಹೆಕ್ಸೇನ್ ಶೃಂಗಗಳು ತುದಿಯ ಶೃಂಗದ ಮೇಲೇ ಬಂದು ಕೂರುವುದೂ ಉಂಟು.

ಮಾಲ್ಡಿ ಯಾವಾಗ ಉಪಯೋಗಕ್ಕೆ ಬರುತ್ತದೆ?

ಲೇಸರ್ ಹೊಡೆದು ಸರಪಳಿಗಳನ್ನು ಅಯಾನುಗಳಾಗಿ ಹಾರಿಸಿ ತೂಗುವ ಮಾಸ್ ಸ್ಪೆಕ್ಟ್ರೊಮೆಟ್ರಿ ಇದು. ತುದಿಯಲ್ಲಿ ಏನಿದೆ ಅನ್ನುವ ಪ್ರಶ್ನೆಗೆ ಇದರಷ್ಟು ನೇರ ಉತ್ತರ ಬೇರೆಲ್ಲೂ ಸಿಗದು. ಕೊಯಿಚಿ ತನಾಕಾ ಅವರಿಗೆ 2002ರ ನೊಬೆಲ್ ತಂದುಕೊಟ್ಟ ಲೇಸರ್ ಅಯಾನೀಕರಣದ ಕೆಲಸದಲ್ಲಿ ಪ್ರೋಟೀನ್‌ಗಳ ಜೊತೆ ಸಂಶ್ಲೇಷಿತ ಪಾಲಿಮರ್‌ಗಳೂ ಇದ್ದವು.

ರೋಹಿತದಲ್ಲಿ ಬಾಚಣಿಗೆಯ ಹಲ್ಲಿನಂತೆ ಶೃಂಗಗಳ ಸಾಲು ಬರುತ್ತದೆ. ಪಕ್ಕಪಕ್ಕದ ಎರಡರ ಅಂತರ ಒಂದು ಮಾನೋಮರ್: ಪಾಲಿಸ್ಟೈರೀನಿಗೆ 104, ಮೀಥೈಲ್ ಮೆಥಾಕ್ರಿಲೇಟಿಗೆ 100, ಎಥಿಲೀನ್ ಆಕ್ಸೈಡಿಗೆ 44. ಬ್ಯೂಟೈಲ್ ಲಿಥಿಯಂನಿಂದ ಶುರುಮಾಡಿ ಮೆಥನಾಲಿನಿಂದ ನಿಲ್ಲಿಸಿದ ಪಾಲಿಸ್ಟೈರೀನನ್ನು ಬೆಳ್ಳಿಯ ಲವಣ ಬೆರೆಸಿ ಅಳೆದರೆ, 30 ಘಟಕದ ಸರಪಳಿ ಎಲ್ಲಿರಬೇಕು? ಘಟಕಗಳಿಂದ 3,124.5, ಎರಡು ತುದಿಗಳಿಂದ 58, ಬೆಳ್ಳಿಯಿಂದ 108. ಒಟ್ಟು 3,290ರ ಹತ್ತಿರ. ಶೃಂಗ ಅಲ್ಲೇ ಇದ್ದರೆ ನೆಮ್ಮದಿ. ನಡುವೆ ಇನ್ನೊಂದು ಸಾಲು ಇಣುಕಿದರೆ ಬೇರೆ ತುದಿಯುಳ್ಳ ಸರಪಳಿಗಳಿವೆ ಎಂದರ್ಥ.

ಎರಡು ಕಡೆ ಹುಷಾರಾಗಿರಬೇಕು. ಹಂಚಿಕೆ ಅಗಲವಾಗಿದ್ದರೆ, ಡಿಸ್ಪರ್ಸಿಟಿ ಸುಮಾರು 1.2 ದಾಟಿದರೆ, ಭಾರದ ಸರಪಳಿಗಳು ಸರಿಯಾಗಿ ಹಾರಿಬರುವುದಿಲ್ಲ. ಮಾಲ್ಡಿಯ ಸರಾಸರಿ ಅಣುತೂಕವನ್ನು ಆಗ ಪಕ್ಕಕ್ಕಿಡಬೇಕು. ಎಟಿಆರ್‌ಪಿ ಪಾಲಿಮರ್‌ನ ಬ್ರೋಮಿನ್ ತುದಿ ಬೆಳ್ಳಿಯ ಲವಣ ಮತ್ತು ಲೇಸರ್ ಹೊಡೆತಕ್ಕೆ ಹೈಡ್ರೋಜನ್ ಬ್ರೋಮೈಡ್ ಆಗಿ ಕಳಚಿಬೀಳುವುದು ಇನ್ನೊಂದು. ಯಂತ್ರದೊಳಗೆ ಸತ್ತ ಸರಪಳಿಯನ್ನು ಫ್ಲಾಸ್ಕಿನಲ್ಲೇ ಸತ್ತದ್ದು ಅಂತ ತಿಳಿದು ಚೆನ್ನಾಗಿ ನಡೆದ ಕ್ರಿಯೆಯನ್ನು ಕೈಬಿಟ್ಟವರಿದ್ದಾರೆ.

ಪಕ್ಕದ ಗುಂಪು ಯಾವ ಕಡೆ ತಿರುಗಿದೆ ಅನ್ನುವುದು ಅಷ್ಟು ಮುಖ್ಯವೇ?

ಪಾಲಿಪ್ರೊಪಿಲೀನ್ ನೋಡಿದರೆ ಸಂದೇಹ ಉಳಿಯುವುದಿಲ್ಲ. ಮೀಥೈಲ್ ಗುಂಪುಗಳು ಅಡ್ಡಾದಿಡ್ಡಿಯಾಗಿ ತಿರುಗಿದ್ದರೆ ಅದು ಮೆತ್ತನೆಯ ಅಂಟು. ಎಲ್ಲವೂ ಒಂದೇ ಬಗೆಯಾಗಿ ತಿರುಗಿದ್ದರೆ, ಅಂದರೆ ಐಸೊಟ್ಯಾಕ್ಟಿಕ್ ಆಗಿದ್ದರೆ, ಸರಪಳಿ ಸುತ್ತಿಕೊಂಡು ಸ್ಫಟಿಕವಾಗಿ 165 ಡಿಗ್ರಿಯ ಆಸುಪಾಸಿನಲ್ಲಿ ಕರಗುವ ಗಟ್ಟಿ ಪ್ಲಾಸ್ಟಿಕ್. ಕಾರ್ಲ್ ಸೀಗ್ಲರ್ 1953ರಲ್ಲಿ ಕಂಡುಕೊಂಡ ಕ್ರಿಯಾವರ್ಧಕವನ್ನು ಮುಂದಿನ ವರ್ಷ ಪ್ರೊಪಿಲೀನಿಗೆ ಹಚ್ಚಿದವರು ಗ್ಯುಲಿಯೊ ನಟ್ಟಾ. 1963ರ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು.

ಇದನ್ನು ನೋಡುವುದು ಎನ್‌ಎಂಆರ್‌ನಲ್ಲಿ. ಪಾಲಿ ಮೀಥೈಲ್ ಮೆಥಾಕ್ರಿಲೇಟಿನ ಮೀಥೈಲ್ ಶೃಂಗ ಮೂರಾಗಿ ಒಡೆಯುತ್ತದೆ: ಐಸೊಟ್ಯಾಕ್ಟಿಕ್ ತ್ರಿವಳಿ (ಸಾಲಾಗಿ ಬರುವ ಮೂರು ಘಟಕಗಳ ಗುಂಪು) 1.2 ಪಿಪಿಎಂ ಹತ್ತಿರ, ಮಿಶ್ರ ತ್ರಿವಳಿ 1.0, ಸಿಂಡಿಯೊಟ್ಯಾಕ್ಟಿಕ್ (ಗುಂಪುಗಳು ಒಂದು ಬಿಟ್ಟು ಒಂದು ಎದುರು ಮಗ್ಗುಲಿಗೆ ತಿರುಗಿದ) ತ್ರಿವಳಿ 0.85. ಯಾವುದು ಯಾವುದು ಅಂತ ಖಚಿತವಾದ ಬಗೆ ಸೊಗಸಾಗಿದೆ. ಐಸೊಟ್ಯಾಕ್ಟಿಕ್ ಸರಪಳಿಯಲ್ಲಿ ಬೆನ್ನೆಲುಬಿನ ಮೀಥಿಲೀನಿನ ಎರಡು ಹೈಡ್ರೋಜನ್‌ಗಳ ಪರಿಸರ ಒಂದೇ ಅಲ್ಲ: ಒಂದರ ಮಗ್ಗುಲಲ್ಲಿ ಎರಡೂ ಎಸ್ಟರ್, ಇನ್ನೊಂದರ ಮಗ್ಗುಲಲ್ಲಿ ಎರಡೂ ಮೀಥೈಲ್. ಆದ್ದರಿಂದ ಅವು ಒಂದನ್ನೊಂದು ಸೀಳಿ ನಾಲ್ಕು ಗೆರೆ ಕೊಡುತ್ತವೆ. ಸಿಂಡಿಯೊಟ್ಯಾಕ್ಟಿಕ್‌ನಲ್ಲಿ ಎರಡೂ ಒಂದೇ, ಹಾಗಾಗಿ ಒಂದೇ ಗೆರೆ. ಬೋವಿ ಮತ್ತು ಟಿಯರ್ಸ್ 1960ರಲ್ಲಿ ಇದನ್ನು ತೋರಿಸಿದಾಗ ಬೇರೆ ಯಾವ ಮಾದರಿಯ ಜೊತೆಗೂ ಹೋಲಿಸುವ ಅಗತ್ಯ ಬೀಳಲಿಲ್ಲ, ಅಣುವಿನ ಸಮ್ಮಿತಿಯೇ ಉತ್ತರ ಕೊಟ್ಟಿತ್ತು.

ಡಿಎಸ್‌ಸಿಯಿಂದ ರಚನೆಯ ಬಗ್ಗೆ ಏನಾದರೂ ತಿಳಿಯುತ್ತದೆಯೇ?

ಪರೋಕ್ಷವಾಗಿ. ಮಾದರಿಯನ್ನು ಕಾಯಿಸುತ್ತ ಅದು ಎಷ್ಟು ಶಾಖ ಹೀರುತ್ತದೆ ಅಂತ ಅಳೆಯುವ ಯಂತ್ರ ಅದು. ಸಿಂಡಿಯೊಟ್ಯಾಕ್ಟಿಕ್ ಪಾಲಿಸ್ಟೈರೀನ್ 270 ಡಿಗ್ರಿಯಲ್ಲಿ ಕರಗುತ್ತದೆ. ಸಾಧಾರಣ ಪಾಲಿಸ್ಟೈರೀನಿಗೆ ಕರಗುವ ಬಿಂದುವೇ ಇಲ್ಲ, 100 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ ಅಷ್ಟೆ. ಸರಪಳಿ ಗಿಡ್ಡವಾದಷ್ಟೂ ಈ ತಾಪ ಇನ್ನೂ ಇಳಿಯುತ್ತದೆ, ತುದಿಗಳು ಹೆಚ್ಚಾದಂತೆ ಸಡಿಲಿಕೆಯೂ ಹೆಚ್ಚು. ಮೊದಲ ಸಲ ಕಾಯಿಸಿದಾಗಿನ ಗೆರೆಯನ್ನು ಬಿಟ್ಟು ಎರಡನೆಯದನ್ನು ಓದುವುದು ವಾಡಿಕೆ, ಮೊದಲನೆಯದರಲ್ಲಿ ಮಾದರಿಯ ಪೂರ್ವೇತಿಹಾಸವೆಲ್ಲ ಬೆರೆತಿರುತ್ತದೆ.

ನನ್ನದು ಬ್ಲಾಕ್ ಕೋಪಾಲಿಮರ್, ಎರಡು ಪಾಲಿಮರ್‌ಗಳ ಮಿಶ್ರಣ ಅಲ್ಲ ಅಂತ ತೋರಿಸುವುದು ಹೇಗೆ?

ಪ್ರೋಟಾನ್ ಎನ್‌ಎಂಆರ್ ಇಲ್ಲಿ ಕೈಕೊಡುತ್ತದೆ, ಎರಡು ಘಟಕಗಳೂ ಇವೆ ಅನ್ನುವಷ್ಟಕ್ಕೇ ಅದು ನಿಲ್ಲುತ್ತದೆ. ಜಿಪಿಸಿ ಶೃಂಗ ಪೂರ್ತಿ ಸರಿದಿರಬೇಕು. ಡೋಸಿ ಎಂಬ ಎನ್‌ಎಂಆರ್ ಪ್ರಯೋಗದಲ್ಲಿ ಎರಡೂ ಬ್ಲಾಕಿನ ಶೃಂಗಗಳು ಒಂದೇ ವಿಸರಣ ವೇಗ ತೋರಿಸಬೇಕು. ಒಂದು ಬ್ಲಾಕನ್ನಷ್ಟೇ ಕರಗಿಸುವ ದ್ರಾವಕದಲ್ಲಿ ಪುಡಿಯನ್ನು ತೊಳೆದು ಏನಾದರೂ ಕಳಚಿ ಬರುತ್ತದೆಯೇ ನೋಡುವುದು ಹಳೆಯ ಕಾಲದ ಉಪಾಯ, ಆದರೂ ಚೊಕ್ಕ.

ಘನಸ್ಥಿತಿಯಲ್ಲಿ ಇನ್ನೂ ಬಲವಾದ ಪುರಾವೆ ಸಿಗುತ್ತದೆ. ಒಗ್ಗದ ಎರಡು ಪಾಲಿಮರ್‌ಗಳನ್ನು ಬರೀ ಬೆರೆಸಿದರೆ ಅವು ದೊಡ್ಡ ದೊಡ್ಡ ತುಂಡುಗಳಾಗಿ ಬೇರೆಯಾಗುತ್ತವೆ. ರಾಸಾಯನಿಕವಾಗಿ ಕಟ್ಟಿಹಾಕಿದ್ದರೆ ದೂರ ಓಡಲಾರದೆ ಹತ್ತಾರು ನ್ಯಾನೊಮೀಟರ್ ಅಳತೆಯ ಪದರ, ಕೊಳವೆ, ಗೋಳಗಳಾಗಿ ಕ್ರಮಬದ್ಧವಾಗಿ ನಿಲ್ಲುತ್ತವೆ. ಸಣ್ಣ ಕೋನದ ಎಕ್ಸ್-ರೇ ಚದುರುವಿಕೆಯಲ್ಲಿ ಶೃಂಗಗಳ ಸ್ಥಾನ 1, 2, 3 ಅನುಪಾತದಲ್ಲಿ ಬಂದರೆ ಪದರ. 1, ಮೂರರ ವರ್ಗಮೂಲ, 2 ಅಂತ ಬಂದರೆ ಷಟ್ಕೋನಾಕಾರದಲ್ಲಿ ಜೋಡಿಸಿದ ಕೊಳವೆ. ಪಾಲಿಬ್ಯೂಟಾಡೈಈನ್ ಬ್ಲಾಕ್ ಇದ್ದರೆ ಆಸ್ಮಿಯಂ ಟೆಟ್ರಾಕ್ಸೈಡಿನ ಹೊಗೆ ತಾಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬಹುದು, ಆ ಭಾಗ ಮಾತ್ರ ಕಪ್ಪಾಗುತ್ತದೆ. ಆ ರಾಸಾಯನಿಕ ಕಣ್ಣಿಗೂ ಶ್ವಾಸಕೋಶಕ್ಕೂ ಬಹಳ ಅಪಾಯಕಾರಿ, ಕಲಿತವರಿಲ್ಲದೆ ಮುಟ್ಟಬೇಡಿ.

ಏನೂ ಕಾಣದಿದ್ದರೆ ಬ್ಲಾಕ್ ಆಗಿಲ್ಲ ಅಂತ ತೀರ್ಮಾನಿಸಲೂಬಾರದು. ಎರಡು ಬ್ಲಾಕುಗಳ ಒಗ್ಗದಿರುವಿಕೆಯ ಅಂಕ ಮತ್ತು ಸರಪಳಿಯ ಉದ್ದ ಇವೆರಡರ ಗುಣಲಬ್ಧ, ಸರಿಸಮ ಬ್ಲಾಕುಗಳಲ್ಲಿ, 10.5 ದಾಟಬೇಕು ಅಂತ ಲೀಬ್ಲರ್ 1980ರಲ್ಲಿ ಲೆಕ್ಕ ಹಾಕಿದ್ದರು. ಗಿಡ್ಡ ಸರಪಳಿಗಳು ಬೇರೆಯಾಗದೆ ಬೆರೆತೇ ಇರುತ್ತವೆ.

ನೈಲಾನ್, ಪಾಲಿಎಸ್ಟರ್ ಥರದವನ್ನೂ ಹೀಗೆ ನಿಯಂತ್ರಿಸಬಹುದೇ?

ಕಷ್ಟ. ಅಲ್ಲಿ ಯಾವ ತುದಿ ಯಾವ ತುದಿಗೆ ಬೇಕಾದರೂ ಸೇರುತ್ತದೆ. ಕ್ಯಾರೋಥರ್ಸ್ ಸೂತ್ರದಂತೆ ಶೇ 95 ಪರಿವರ್ತನೆಗೆ ಸರಾಸರಿ 20 ಘಟಕ, ಶೇ 99ಕ್ಕೆ 100. ಡಿಸ್ಪರ್ಸಿಟಿ 2ರ ಕಡೆಗೆ ಹೋಗುತ್ತದೆ. ಒಂದು ತುದಿ ಸೇರಿದ ಮೇಲೆ ಇನ್ನೊಂದು ತುದಿ ಹೆಚ್ಚು ಚುರುಕಾಗುವಂತೆ ಮಾನೋಮರನ್ನು ಹೆಣೆದರೆ ಸರಪಳಿ ಒಂದೇ ಕಡೆಯಿಂದ ಬೆಳೆಯುತ್ತದೆ. ಜಪಾನಿನ ಯೊಕೊಜಾವಾ ಅವರ ತಂಡ ಆರೊಮ್ಯಾಟಿಕ್ ಪಾಲಿಅಮೈಡ್‌ಗಳನ್ನು ಈ ದಾರಿಯಲ್ಲಿ ಕಿರಿದಾದ ಹಂಚಿಕೆಯಲ್ಲಿ ಕಟ್ಟಿದೆ. ವಿದ್ಯುತ್ ಹರಿಸುವ ಪಾಲಿಥಯೊಫೀನ್‌ಗಳನ್ನೂ ನಿಕಲ್ ಕ್ರಿಯಾವರ್ಧಕದಿಂದ ಹೀಗೆ ಒಂದು ತುದಿಯಿಂದ ಬೆಳೆಸುತ್ತಾರೆ.

ಪ್ರೋಟೀನಿನಂತೆ ಪ್ರತಿ ಘಟಕದ ಕ್ರಮವನ್ನೂ ನಿರ್ಧರಿಸಲು ಸಾಧ್ಯವೇ?

ಒಂದೊಂದೇ ಘಟಕ ಸೇರಿಸುತ್ತ ಹೋದರೆ ಸಾಧ್ಯ. ಮೆರಿಫೀಲ್ಡ್ ಪೆಪ್ಟೈಡ್‌ಗಳಿಗೆ ರೂಪಿಸಿದ ಘನ ಆಧಾರದ ಮೇಲಿನ ವಿಧಾನವನ್ನೇ ಸ್ಟ್ರಾಸ್‌ಬರ್ಗಿನಲ್ಲಿ ಲುಟ್ಜ್ ಅವರ ತಂಡ ಸಂಶ್ಲೇಷಿತ ಸರಪಳಿಗಳಿಗೆ ಅಳವಡಿಸಿ, ಎರಡು ಬಗೆಯ ಘಟಕಗಳನ್ನು 0 ಮತ್ತು 1 ಎಂದು ಇಟ್ಟುಕೊಂಡು ಮಾಹಿತಿ ಬರೆದಿದೆ. ಓದುವುದು ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೊಮೀಟರಿನಲ್ಲಿ, ಸರಪಳಿಯನ್ನು ಚೂರು ಮಾಡಿ. ಚೂರುಗಳು ಓದಲು ಅನುಕೂಲವಾಗುವಲ್ಲೇ ಮುರಿಯಲಿ ಅಂತ ಬಂಧಗಳನ್ನು ಮೊದಲೇ ಆರಿಸಿ ಇಡುತ್ತಾರೆ, ಅಂದರೆ ವಿಶ್ಲೇಷಣೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಂಶ್ಲೇಷಣೆ. ಗ್ರಾಂಗಟ್ಟಲೆ ಬೇಕು ಅಂದರೆ ಮಾತ್ರ ಈ ದಾರಿ ಸದ್ಯಕ್ಕೆ ದೂರ.

ತಯಾರಿಸಿದ ಮಾದರಿಯನ್ನು ಎಷ್ಟು ದಿನ ಇಟ್ಟುಕೊಳ್ಳಬಹುದು?

ಪಾಲಿಮರ್ ಮೇಲೆ ಹೋಗುತ್ತದೆ. ಪಾಲಿಸ್ಟೈರೀನ್ ಪುಡಿ ವರ್ಷಗಟ್ಟಲೆ ಇರುತ್ತದೆ. ಪಾಲಿಲ್ಯಾಕ್ಟೈಡ್ ತೇವ ತಾಗಿದರೆ ಮೆಲ್ಲಗೆ ತುಂಡಾಗುತ್ತದೆ, ಒಣಗಿಸಿ ತಣ್ಣಗಿನ ಜಾಗದಲ್ಲಿಡಿ. ರಾಫ್ಟ್ ಪಾಲಿಮರ್‌ಗಳನ್ನು ಬೆಳಕಿನಿಂದ ದೂರವಿಡಬೇಕು. ಅವನ್ನು ಟೆಟ್ರಾಹೈಡ್ರೋಫ್ಯೂರಾನಿನಲ್ಲಿ ಕರಗಿಸಿ ಹಾಗೇ ಬಿಡುವುದಂತೂ ಬೇಡ: ಆ ದ್ರಾವಕ ಗಾಳಿಗೆ ತೆರೆದಿದ್ದರೆ ಅದರಲ್ಲಿ ಪೆರಾಕ್ಸೈಡ್ ಸೇರಿಕೊಳ್ಳುತ್ತದೆ, ಪೆರಾಕ್ಸೈಡ್ ಗಂಧಕದ ತುದಿಯನ್ನು ಆಕ್ಸಿಡೀಕರಿಸುತ್ತದೆ, ಗುಲಾಬಿ ದ್ರಾವಣ ಬಣ್ಣ ಕಳೆದುಕೊಳ್ಳುತ್ತದೆ. ಬಣ್ಣ ಹೋದ ಮಾದರಿಯಲ್ಲಿ ಎರಡನೇ ಬ್ಲಾಕ್ ಬೆಳೆಸಲು ಹೋಗಬೇಡಿ. ಜಿಪಿಸಿಗೆ ಕಳಿಸುವ ದ್ರಾವಣವನ್ನು ಅಳತೆಯ ದಿನವೇ ಮಾಡಿಕೊಳ್ಳಿ, ಬಾಟಲಿಯ ಮೇಲೆ ತಾರೀಕು ಮತ್ತು ನೋಟ್‌ಬುಕ್ಕಿನ ಪುಟಸಂಖ್ಯೆ ಎರಡನ್ನೂ ಬರೆಯಿರಿ.